ಮಗುವಿನ ಕಾರ್ ಸೀಟಿಗೆ ಬೂಷ್ಟು ಬಂದಾಗ: ಕವರ್ ಬೇರೆ, ಬೆಲ್ಟ್ ಬೇರೆ

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಈಗ ತಾನೇ ಕಾರಿನ ಬಾಗಿಲು ತೆಗೆದು ಮಗುವಿನ ಸೀಟಿನ ಮೇಲೆ ಬೂಷ್ಟು ನೋಡಿ ಗಾಬರಿಯಾದವರಿಗೆ ನಮ್ಮ ಮನೆ ಕಥೆ ಓದುವಷ್ಟು ವ್ಯವಧಾನ ಇರುವುದಿಲ್ಲ. ಮಗುವನ್ನು ಆ ಸೀಟಿನಲ್ಲಿ ಕೂರಿಸಬೇಡಿ, ಹತ್ತಿರದ ದಾರಿಗೂ ಬೇಡ. ಬ್ಲೀಚಿಂಗ್ ಪೌಡರ್, ಫಿನಾಯಿಲ್, ಆಸಿಡ್ ಯಾವುದನ್ನೂ ಹಾಕಬೇಡಿ. ಬೆಲ್ಟನ್ನು ಬಕೆಟ್ಟಿನಲ್ಲಿ ನೆನೆಹಾಕಬೇಡಿ. ಸೀಟಿನ ಜೊತೆ ಬಂದ ಪುಸ್ತಕ ಎಲ್ಲಿದೆ ಹುಡುಕಿ. ಅದು ಸಿಗದಿದ್ದರೆ ಸೀಟಿನ ಹಿಂದೆಯೋ ತಳದಲ್ಲೋ ಅಂಟಿಸಿರುವ ಚೀಟಿಯಲ್ಲಿ ಮಾಡೆಲ್ ಹೆಸರು ಇರುತ್ತದೆ, ಅದನ್ನು ಇಟ್ಟುಕೊಂಡು ಕಂಪನಿಯ ವೆಬ್‌ಸೈಟಿನಲ್ಲಿ ಹುಡುಕಿದರೆ ಸಾಮಾನ್ಯವಾಗಿ ಪುಸ್ತಕ ಸಿಗುತ್ತದೆ. ಇಷ್ಟಾದ ಮೇಲೆ ಉಳಿದದ್ದನ್ನು ನಿಧಾನವಾಗಿ ನೋಡಬಹುದು.

ಇಷ್ಟುದ್ದ ಬರೆಯಲು ಕಾರಣ ಇದೆ. ನಮಗೆ ಹೀಗಾದಾಗ ಸಿಕ್ಕ ಸಲಹೆಗಳೆಲ್ಲ ಸೋಫಾಕ್ಕೆ, ಹಾಸಿಗೆಗೆ, ಲೆದರ್ ಚಪ್ಪಲಿಗೆ ಕೊಡುವಂಥವು. ವಿನೆಗರ್ ಹಾಕು, ನಿಂಬೆಹಣ್ಣು ತಿಕ್ಕು, ಅಡುಗೆ ಸೋಡಾ ಉದುರಿಸು, ಒಂದು ದಿನ ಬಿಸಿಲಿಗಿಡು, ಮುಗೀತು. ಹೇಳಿದವರೆಲ್ಲ ಪ್ರೀತಿಯಿಂದಲೇ ಹೇಳಿದ್ದು. ಆದರೆ ಮಗು ಕೂರುವ ಸೀಟು ಡಿಕ್ಕಿಯಾದ ಆ ಒಂದು ಕ್ಷಣಕ್ಕಾಗಿ ಮಾಡಿದ ವಸ್ತು. ಅದು ನೋಡಲು ಚೆನ್ನಾಗಿ ಕಂಡರೆ ಸಾಲದು, ಹಿಡಿಯಬೇಕು. ಈ ವ್ಯತ್ಯಾಸ ತಲೆಯಲ್ಲಿ ಕೂತ ಮೇಲೆ ನನಗೆ ಯಾವುದನ್ನು ತೊಳೆಯಬೇಕು, ಯಾವುದನ್ನು ಒರೆಸಿ ಬಿಡಬೇಕು, ಯಾವುದನ್ನು ಎಸೆಯಬೇಕು ಅನ್ನುವುದು ಸ್ಪಷ್ಟವಾಯಿತು.

ನಮ್ಮದು ದಾವಣಗೆರೆ. ಬಯಲುಸೀಮೆ, ಬಿಸಿಲಿಗೇನೂ ಬರ ಇಲ್ಲ. ನನ್ನ ತವರು ಮಾತ್ರ ತೀರ್ಥಹಳ್ಳಿ ಕಡೆ. ಹೊನ್ನಾಳಿ, ಶಿವಮೊಗ್ಗ ದಾಟಿ ಸಕ್ರೆಬೈಲು ಆನೆ ಬಿಡಾರ ಹಿಂದೆ ಬಿಟ್ಟರೆ ಗಾಳಿಯೇ ಬೇರೆ, ಮಳೆಯೇ ಬೇರೆ. ಅಲ್ಲಿಂದ ಇನ್ನೂ ಮುಂದಿರುವ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಜುಲೈನಲ್ಲಿ ಮಗನನ್ನು ಕರೆದುಕೊಂಡು ಹೋಗಿದ್ದೆವು. ಕಾರು ಅಂಗಳದ ತುದಿಯಲ್ಲಿ, ಮೇಲೆ ಟಾರ್ಪಾಲು. ವಾಪಸ್ ಬಂದ ಮೇಲೆ ನಮ್ಮನೆಯವರು ಕೆಲಸದ ಮೇಲೆ ಬೆಂಗಳೂರಿಗೆ ರೈಲಿನಲ್ಲಿ ಹೋದರು, ಕಾರು ಮನೆ ಕೆಳಗಿನ ಪಾರ್ಕಿಂಗಿನಲ್ಲಿ ಕಿಟಕಿ ಮುಚ್ಚಿಕೊಂಡು ನಿಂತಿತ್ತು. ಹೊರಗೆ ಜಿಟಿಜಿಟಿ ಮಳೆ. ಮುಂದೆ ಒಂದು ದಿನ ಬಾಗಿಲು ತೆಗೆದರೆ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಸೀಟು ಮೇಲಿನಿಂದ ಚೆನ್ನಾಗಿಯೇ ಇತ್ತು. ಕಾಲಿನ ನಡುವೆ ಬರುವ ಬಕಲ್ ಹತ್ತಿರ ಕವರ್ ಎತ್ತಿ ನೋಡಿದರೆ ಅಡಿಯಲ್ಲಿ ಬೂದು ಬಣ್ಣದ ನೊರೆ ಥರದ ಮಚ್ಚೆ. ಭುಜದ ಬೆಲ್ಟು ಸೀಟಿನ ಬೆನ್ನಿನೊಳಗೆ ನುಸುಳುವ ಜಾಗದಲ್ಲಿ ಕಪ್ಪು ಚುಕ್ಕಿಗಳು, ಸಾಲಾಗಿ.

ಬೂಷ್ಟಿಗೆ ಬೇಕಾಗಿರುವುದು ಮೂರೇ. ತೇವ, ತಿನ್ನಲು ಏನಾದರೂ, ಒಂದಿಷ್ಟು ಬೆಚ್ಚಗಿನ ವಾತಾವರಣ. ಅದರ ಬೀಜಕಣಗಳು ಗಾಳಿಯಲ್ಲಿ ಎಲ್ಲ ಕಡೆ ಇದ್ದೇ ಇರುತ್ತವೆ, ನಮ್ಮ ಮನೆಗೆ ಮಾತ್ರ ಯಾರೋ ತಂದು ಹಾಕುವುದಿಲ್ಲ. ಮಗುವಿನ ಸೀಟಿನಲ್ಲಿ ತಿನ್ನಲಿಕ್ಕೆ ಬೇಕಾದಷ್ಟು ಸಿಗುತ್ತದೆ. ಬಾಟಲಿಯಿಂದ ಸೋರಿದ ಹಾಲು, ಬಿಸ್ಕತ್ತಿನ ಪುಡಿ, ಬೆವರು, ಬೆಣ್ಣೆ ದೋಸೆ ತಿಂದ ಕೈಯ ಜಿಡ್ಡು, ಮತ್ತೆ ನಮ್ಮೂರಿನ ಮಕ್ಕಳ ಸೀಟಲ್ಲಿ ಮಂಡಕ್ಕಿ ಇಲ್ಲದೇ ಇರುತ್ತದಾ? ಮಳೆಗಾಲದಲ್ಲಿ ಮಂಡಕ್ಕಿ ಡಬ್ಬಿಯ ಮುಚ್ಚಳ ತೆಗೆದಿಟ್ಟರೆ ಸ್ವಲ್ಪ ಹೊತ್ತಿಗೇ ಮೆತ್ತಗಾಗುತ್ತದಲ್ಲ, ಸೀಟಿನ ಬಟ್ಟೆ, ಸ್ಪಂಜು ಕೂಡ ಹಾಗೇ ಗಾಳಿಯಲ್ಲಿರುವ ತೇವ ಎಳೆದುಕೊಳ್ಳುತ್ತವೆ. ಒದ್ದೆಯಾದ ವಸ್ತುವನ್ನು 24ರಿಂದ 48 ಗಂಟೆಯೊಳಗೆ ಪೂರ್ತಿ ಒಣಗಿಸಿದರೆ ಬಹುತೇಕ ಬೂಷ್ಟು ಬರುವುದಿಲ್ಲ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಅಂದರೆ ನಮಗೆ ಸಿಗುವುದು ಒಂದೆರಡು ದಿನ, ಅಷ್ಟೇ. ಮಳೆಯಲ್ಲಿ ನಿಂತ ಕಾರಿನೊಳಗೆ ಆ ಒಂದೆರಡು ದಿನದಲ್ಲಿ ಒಣಗುವುದು ಎಲ್ಲಿಂದ ಬಂತು?

ಇದು ಬರೀ ವಾಸನೆಯ ವಿಷಯವಾಗಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನನ್ನ ಮಗನಿಗೆ ಮಳೆಗಾಲ ಬಂದರೆ ಎದೆಯಲ್ಲಿ ಗೊರಗೊರ, ರಾತ್ರಿ ಕೆಮ್ಮು. ನೆಬ್ಯುಲೈಸರ್ ಮನೆಯಲ್ಲೇ ಇದೆ. ತೇವ ಮತ್ತು ಬೂಷ್ಟು ಇರುವ ಕಟ್ಟಡಗಳಲ್ಲಿ ಇರುವವರಿಗೆ ಉಸಿರಾಟದ ತೊಂದರೆ, ಅಸ್ತಮಾ ಜಾಸ್ತಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೊರತಂದ ಮಾರ್ಗಸೂಚಿಯಲ್ಲೇ ಇದೆ. ಅದು ಮನೆ, ಕಚೇರಿ ಬಗ್ಗೆ ಬರೆದದ್ದು ನಿಜ. ಆದರೆ ಕಾರು ಅಂದರೆ ಇನ್ನೂ ಚಿಕ್ಕ ಜಾಗ, ಕಿಟಕಿ ಮುಚ್ಚಿ ಎಸಿ ಹಾಕಿರುತ್ತೇವೆ, ಮಗುವಿನ ಮೂಗು ಆ ಬೆಲ್ಟಿನಿಂದ ಒಂದು ಗೇಣು ದೂರದಲ್ಲಿರುತ್ತದೆ. ಇನ್ನೂ ಸಣ್ಣವಾದರೆ ಬೆಲ್ಟನ್ನೇ ಬಾಯಿಗೆ ಹಾಕಿ ಚೀಪುತ್ತಾವೆ. ನಮ್ಮ ಮಕ್ಕಳ ಡಾಕ್ಟರ ಹತ್ತಿರ ಕೇಳಿದೆ, ಅವರು ಹೇಳಿದ್ದು ಒಂದೇ ಮಾತು, ಬೂಷ್ಟು ಪೂರ್ತಿ ಹೋಗುವವರೆಗೆ ಮಗು ಅದರ ಹತ್ತಿರ ಬೇಡ. ಬಣ್ಣ ನೋಡಿ ಧೈರ್ಯ ತಂದುಕೊಳ್ಳುವುದೂ ಬೇಡ, ಹೆದರುವುದೂ ಬೇಡ. ಬಿಳಿ, ಹಸಿರು, ಕಪ್ಪು ಅಂತ ನೋಡಿ ಇದು ಒಳ್ಳೆಯದು, ಇದು ಕೆಟ್ಟದ್ದು ಎಂದು ಹೇಳಲಾಗುವುದಿಲ್ಲ. ಯಾವ ಬಣ್ಣದ್ದಾದರೂ ತೆಗೆಯಲೇಬೇಕು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಬೂಷ್ಟನ್ನು ಸಾಯಿಸಿದರೆ ಕೆಲಸ ಮುಗಿಯುವುದಿಲ್ಲ. ಸತ್ತ ಬೂಷ್ಟಿನಿಂದಲೂ ಅಲರ್ಜಿ ಆಗುತ್ತದೆ. ಹಾಗಾಗಿ ಬಿಸಿಲಿಗೆ ಇಟ್ಟೆ, ವಾಸನೆ ಹೋಯಿತು, ಚುಕ್ಕಿ ಮಾತ್ರ ಉಳಿಯಿತು ಅಂದರೆ ಸಾಲದು. ಅಲ್ಲಿಂದ ಅದು ಕಿತ್ತು ಹೊರಗೆ ಹೋಗಬೇಕು. ನಮ್ಮ ದಾವಣಗೆರೆ ಬಿಸಿಲು ಒಣಗಿಸುವುದರಲ್ಲಿ ಎತ್ತಿದ ಕೈ, ಅದರ ಬಗ್ಗೆ ಎರಡು ಮಾತಿಲ್ಲ. ಒಣಗಿಸುತ್ತದೆ, ಕಿತ್ತು ಹಾಕುವುದಿಲ್ಲ.

ಸೀಟು ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಮುಂದೆ, ಹಿಂದೆ, ಬೆಲ್ಟು ಯಾವ ತೂತಿನಿಂದ ಒಳಗೆ ಹೋಗಿದೆ, ಹಿಂದೆ ಯಾವ ಕೊಂಡಿಗೆ ಸೇರಿದೆ, ಎಲ್ಲ. ಆಮೇಲೆ ಸೀಟನ್ನು ಕಾರಿನಿಂದ ಹೊರಗೆ ತನ್ನಿ. ಕಾರಿನೊಳಗೆ ಕೂತು ಬ್ರಷ್ ಹಾಕಿದರೆ ಬೀಜಕಣಗಳು ಕಾರೆಲ್ಲ ಹರಡುತ್ತವೆ. ನಾನು ಮಾಳಿಗೆ ಮೇಲೆ ಹಳೆ ಬೆಡ್‌ಶೀಟ್ ಹಾಸಿ, ಎನ್95 ಮಾಸ್ಕ್ ಹಾಕಿಕೊಂಡು, ರಬ್ಬರ್ ಗ್ಲೌಸ್ ಹಾಕಿಕೊಂಡು ಮಾಡಿದೆ. ಮಗನನ್ನು ಅತ್ತೆ ಹತ್ತಿರ ಕೆಳಗೆ ಬಿಟ್ಟಿದ್ದೆ. ಒಣ ಬೂಷ್ಟನ್ನು ಮೊದಲು ಮೆಲ್ಲಗೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ, ಬಟ್ಟೆಯನ್ನು ಮತ್ತೆ ಮತ್ತೆ ಬದಲಿಸಿ, ಒರೆಸಿದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ಜೋರಾಗಿ ಕೊಡವಬೇಡಿ.

ಬಟ್ಟೆಯ ಕವರ್ ಸುಲಭ. ಹೆಚ್ಚಿನ ಸೀಟುಗಳಲ್ಲಿ ಅದು ಬಿಚ್ಚಿಕೊಳ್ಳುತ್ತದೆ, ಎಲಾಸ್ಟಿಕ್ ಕೊಕ್ಕೆ, ಬಟನ್, ಅಷ್ಟೇ. ಒಳಗೆ ಹೊಲಿದಿರುವ ಚೀಟಿಯಲ್ಲಿ ಮಷೀನಿಗೆ ಹಾಕಬಹುದಾ, ಕೈಯಲ್ಲೇ ತೊಳೆಯಬೇಕಾ, ನೀರು ಎಷ್ಟು ಬಿಸಿ ಇರಬಹುದು ಎಂದು ಚಿತ್ರಗಳಿರುತ್ತವೆ. ಅದರಂತೆ ಮಾಡಿ. ನಮ್ಮದು ಕೈಯಲ್ಲಿ ತೊಳೆಯುವಂಥದ್ದು. ಮಗುವಿನ ಬಟ್ಟೆಗೆ ಹಾಕುವ ಸೌಮ್ಯವಾದ ಸೋಪಿನ ದ್ರಾವಣ, ಮೃದುವಾದ ಬ್ರಷ್, ಆಮೇಲೆ ಚೆನ್ನಾಗಿ ಜಾಲಾಡಿಸುವುದು. ಹಿಂಡಿ ತಿರುಚಬಾರದು, ಒಳಗಿನ ತೆಳು ಸ್ಪಂಜು ಮುದ್ದೆಯಾಗುತ್ತದೆ. ಹಗ್ಗದ ಮೇಲೆ ಹಾಕಿ ಗಾಳಿಯಾಡಲು ಬಿಟ್ಟೆ. ಮಚ್ಚೆ ಪೂರ್ತಿ ಹೋಯಿತು, ವಾಸನೆಯೂ ಹೋಯಿತು. ಕವರಿನ ಮಚ್ಚೆ ಹೋಗಲಿಲ್ಲ ಅಂದರೂ ಚಿಂತೆ ಇಲ್ಲ, ಬಹಳ ಕಂಪನಿಗಳು ಕವರನ್ನು ಬೇರೆ ಮಾರುತ್ತವೆ. ಆದರೆ ಅದೇ ಮಾಡೆಲಿನ ಕವರೇ ಆಗಿರಬೇಕು. ಪೇಟೆಯಲ್ಲಿ ದಪ್ಪ ಕುಶನ್ ಹಾಕಿ ಹೊಲಿಸಿಕೊಂಡರೆ ಬೆಲ್ಟಿಗೂ ಮಗುವಿನ ಮೈಗೂ ನಡುವೆ ಜಾಗ ಬೀಳುತ್ತದೆ, ಡಿಕ್ಕಿಯಲ್ಲಿ ಆ ಕುಶನ್ ಅಮುಕಿಕೊಂಡು ಬೆಲ್ಟು ಸಡಿಲವಾಗುತ್ತದೆ.

ಪ್ಲಾಸ್ಟಿಕ್ ಚಿಪ್ಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೋಪಿನ ನೀರಿನಲ್ಲಿ ಒರೆಸಿ, ಶುದ್ಧ ನೀರಿನಲ್ಲಿ ಒರೆಸಿ, ಒಣಗಿಸಿ. ಅದರೊಳಗೆ ಥರ್ಮಾಕೋಲ್ ಥರದ ಫೋಮ್ ಇರುತ್ತದೆ. ತಲೆಯ ಹತ್ತಿರ ಪೆಟ್ಟು ಹೀರಿಕೊಳ್ಳುವುದು ಅದೇ. ಪೆಟ್ರೋಲ್, ಥಿನ್ನರ್ ತಾಗಿದರೆ ಥರ್ಮಾಕೋಲ್ ಕರಗುತ್ತದೆ ಅನ್ನುವುದು ಗ್ಯಾರೇಜಿನವರಿಗೆಲ್ಲ ಗೊತ್ತು, ಆದರೂ ಕಲೆ ತೆಗೆಯಲು ಅದನ್ನೇ ಹಾಕುವವರು ಇದ್ದಾರೆ. ಬೇಡ. ಬಕಲ್ ಒಳಗೆ ಹಾಲು, ಪುಡಿ ಸೇರಿದ್ದರೆ ಪುಸ್ತಕದಲ್ಲಿ ಹೇಳಿದ ಹಾಗೆ ಬರೀ ನೀರಿನಲ್ಲಿ ತೊಳೆದು, ಕ್ಲಿಕ್ ಅನ್ನುವ ಶಬ್ದ ಸರಿಯಾಗಿ ಬರುವವರೆಗೆ ಹಾಕಿ ತೆಗೆದು ನೋಡಿ. ಎಣ್ಣೆ, ಗ್ರೀಸ್ ಮುಟ್ಟಿಸಬೇಡಿ.

ಈಗ ಬೆಲ್ಟು. ಇಡೀ ಬರಹ ಬರೆದದ್ದು ಇದಕ್ಕಾಗಿಯೇ.

ಮಗುವಿನ ಸೀಟಿನ ಬೆಲ್ಟು ನೋಡಲು ಬ್ಯಾಗಿನ ಪಟ್ಟಿಯ ಹಾಗೇ ಇರುತ್ತದೆ. ಸಾಮಾನ್ಯವಾಗಿ ಪಾಲಿಯೆಸ್ಟರ್ ದಾರದಿಂದ ಒತ್ತಾಗಿ ನೇಯ್ದದ್ದು. ಮಕ್ಕಳ ಸೀಟಿನ ಸುರಕ್ಷತೆಗೆ ಯುರೋಪಿನಲ್ಲಿ ಮಾಡಿದ ಇಸಿಇ ಆರ್44 ನಿಯಮದ ಪರೀಕ್ಷೆಯಲ್ಲಿ ಸೀಟಿನೊಳಗೆ ಗೊಂಬೆ ಕೂರಿಸಿ ಗಂಟೆಗೆ 50 ಕಿಲೋಮೀಟರ್ ವೇಗದಿಂದ ಮುಂದಕ್ಕೆ ಡಿಕ್ಕಿ ಹೊಡೆಸುತ್ತಾರೆ. ಅಷ್ಟು ವೇಗದಲ್ಲಿ ಗಕ್ಕನೆ ನಿಂತಾಗ ಮಗುವಿನ ತೂಕದ 20 ಪಟ್ಟು, ಅದಕ್ಕಿಂತ ಜಾಸ್ತಿ ಭಾರ ಬೆಲ್ಟಿನ ಮೇಲೆ ಬೀಳುತ್ತದೆ. ನನ್ನ ಮಗ 12 ಕಿಲೋ. ಇಪ್ಪತ್ತು ಪಟ್ಟು ಅಂದರೆ 240 ಕಿಲೋ, ಹತ್ತಿರ ಹತ್ತಿರ ಎರಡೂವರೆ ಕ್ವಿಂಟಲ್. ಎಪಿಎಂಸಿಯಲ್ಲಿ ಮೂಟೆ ಎತ್ತುವವರಿಗೆ ಕೇಳಿ ಎರಡೂವರೆ ಕ್ವಿಂಟಲ್ ಅಂದರೆ ಎಷ್ಟು ಅಂತ. ಅದನ್ನು ಆ ಎರಡು ಪಟ್ಟಿ ಹಿಡಿಯಬೇಕು. ಮಡಿಲಲ್ಲಿ ಕೂರಿಸಿಕೊಂಡ ಅಮ್ಮನ ಕೈ ಹಿಡಿಯಲಾರದು ಎನ್ನುವುದೂ ಇದೇ ಲೆಕ್ಕದಿಂದ.

ಬೂಷ್ಟು ಪಾಲಿಯೆಸ್ಟರ್ ದಾರವನ್ನೇ ತಿಂದು ಹಾಕುವುದು ಕಡಿಮೆ. ಅದು ತಿನ್ನುವುದು ನೇಯ್ಗೆಯ ಸಂದಿಯಲ್ಲಿ ಕೂತಿರುವ ಹಾಲು, ಬೆವರು, ಕೊಳೆ. ಬೆಲ್ಟಿಗೆ ನಿಜವಾದ ಅಪಾಯ ಬರುವುದು ಬೂಷ್ಟು ತೆಗೆಯಲು ನಾವು ಸುರಿಯುವ ವಸ್ತುಗಳಿಂದ. ಬ್ಲೀಚು ದಾರವನ್ನು ದುರ್ಬಲ ಮಾಡುತ್ತದೆ. ಗಟ್ಟಿ ಆಸಿಡ್ ಹಾಗೆಯೇ. ಗಡಸು ಬ್ರಷ್ ಹಾಕಿ ತಿಕ್ಕಿದರೆ ಎಳೆಗಳು ಏಳುತ್ತವೆ. ಬಿಸಿ ನೀರು, ಇಸ್ತ್ರಿ ಪೆಟ್ಟಿಗೆ, ಡ್ರೈಯರ್ ತಾಗಿದರೆ ಕುಗ್ಗಬಹುದು. ಇದೆಲ್ಲ ಆದ ಮೇಲೂ ಬೆಲ್ಟು ನೋಡಲು ಬೆಳ್ಳಗೆ, ಸ್ವಚ್ಛವಾಗಿ, ಹೊಸದರಂತೆ ಕಾಣುತ್ತದೆ. ಎಳೆದು ನೋಡಿದರೂ ಗಟ್ಟಿಯಾಗಿಯೇ ಇರುತ್ತದೆ, ಯಾಕೆಂದರೆ ನಮ್ಮ ಕೈಯಲ್ಲಿ ಎರಡೂವರೆ ಕ್ವಿಂಟಲ್ ಶಕ್ತಿ ಇಲ್ಲ. ಅದು ಕೈ ಕೊಡುವುದು ಬೇಕಾದ ದಿನವೇ. ಇದಕ್ಕೇ ಹೆಚ್ಚುಕಡಿಮೆ ಎಲ್ಲ ಕಂಪನಿಗಳೂ ಪುಸ್ತಕದಲ್ಲಿ ಬೆಲ್ಟಿಗೆ ಬ್ಲೀಚ್ ಬೇಡ, ನೆನೆಹಾಕಬೇಡಿ, ಮಷೀನಿಗೆ ಹಾಕಬೇಡಿ, ಸೌಮ್ಯ ಸೋಪು ಮತ್ತು ಒದ್ದೆ ಬಟ್ಟೆಯಲ್ಲಿ ಒರೆಸಿ ಎಂದು ಬರೆದಿರುತ್ತಾರೆ. ವಿನೆಗರ್ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಹಾಗಾಗಿ ನಿಮ್ಮ ಪುಸ್ತಕದಲ್ಲಿ ಹಾಕಬಹುದು ಅಂತ ಇಲ್ಲದಿದ್ದರೆ ಬೆಲ್ಟಿಗೆ ಹಾಕಬೇಡಿ. ಇಲ್ಲೇ ಇನ್ನೊಂದು ಎಚ್ಚರಿಕೆ, ಸೀಟಿಗೆ ಸಂಬಂಧ ಇಲ್ಲದಿದ್ದರೂ ಹೇಳುತ್ತೇನೆ. ಬ್ಲೀಚ್ ಜೊತೆ ವಿನೆಗರ್ ಆಗಲಿ, ಟಾಯ್ಲೆಟ್ ತೊಳೆಯುವ ಆಸಿಡ್ ಆಗಲಿ ಯಾವತ್ತೂ ಸೇರಿಸಬೇಡಿ. ಕ್ಲೋರಿನ್ ಅನಿಲ ಬರುತ್ತದೆ. ಮನೆಯಲ್ಲಿ ಸಣ್ಣ ಮಗು ಇರುವಾಗಂತೂ ಇದು ನೆನಪಿರಲಿ.

ಹಾಗಾದರೆ ಬೆಲ್ಟಿಗೆ ಏನು ಮಾಡುವುದು? ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಸೌಮ್ಯ ಸೋಪು. ಬಟ್ಟೆ ಅದ್ದಿ, ಹಿಂಡಿ, ಬೆಲ್ಟಿನ ಉದ್ದಕ್ಕೂ ಒಂದೇ ದಿಕ್ಕಿನಲ್ಲಿ ಒರೆಸುವುದು. ಬಟ್ಟೆಗೆ ಕೊಳೆ ಬಂದ ಹಾಗೆ ಬೇರೆ ಬಟ್ಟೆ. ಆಮೇಲೆ ಬರೀ ನೀರಿನ ಬಟ್ಟೆಯಿಂದ ಸೋಪು ಹೋಗುವವರೆಗೆ. ಮಡಿಕೆ ಬೀಳದ ಹಾಗೆ ನೇರ ಬಿಟ್ಟು ಫ್ಯಾನಿನ ಕೆಳಗೆ ಒಣಗಿಸುವುದು. ಪೂರ್ತಿ ಎಳೆದು ಕೊನೆಯವರೆಗೆ ನೋಡಬೇಕು, ಸೀಟಿನ ಬೆನ್ನೊಳಗೆ ಅಡಗಿರುವ ಭಾಗವನ್ನೂ. ಮೇಲ್ಮೈಯಲ್ಲಿ ಮಾತ್ರ ಇದ್ದ ಬೂಷ್ಟು ಇಷ್ಟಕ್ಕೇ ಬಂದುಬಿಡುತ್ತದೆ. ನಮ್ಮ ಸೀಟಿನಲ್ಲಿ ಕಾಲಿನ ನಡುವಿನ ಪಟ್ಟಿ ಹೀಗೇ ಸ್ವಚ್ಛವಾಯಿತು. ಭುಜದ ಪಟ್ಟಿಗಳು ಆಗಲಿಲ್ಲ. ಒಣಗಿದ ಮೇಲೆ ಮತ್ತೆ ಅದೇ ಕಪ್ಪು ಚುಕ್ಕಿ, ಬೆಲ್ಟನ್ನು ಸ್ವಲ್ಪ ಬಗ್ಗಿಸಿ ನೋಡಿದರೆ ನೇಯ್ಗೆಯ ಒಳಗೂ ಕಾಣುತ್ತಿತ್ತು. ಮತ್ತೊಮ್ಮೆ ಒರೆಸಿದೆ. ಹೋಗಲಿಲ್ಲ. ವಾಸನೆಯೂ ಇತ್ತು.

ಇಲ್ಲಿಗೆ ಒರೆಸುವುದು ನಿಲ್ಲಬೇಕು. ಇನ್ನೂ ಏನಾದರೂ ಗಟ್ಟಿಯಾದದ್ದು ಹಾಕೋಣ ಅನ್ನುವ ಆಸೆ ಹುಟ್ಟುವುದೇ ಈ ಹಂತದಲ್ಲಿ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕಂಪನಿಯ ಕಸ್ಟಮರ್ ಕೇರಿಗೆ ಫೋನ್ ಮಾಡಿ ಬೆಲ್ಟಿನ ಸೆಟ್ ಬೇಕು ಎಂದು ಕೇಳಿದೆ. ಕವರ್ ಕೊಡುತ್ತೇವೆ ಮೇಡಂ, ಬೆಲ್ಟ್ ಬೇರೆ ಬರುವುದಿಲ್ಲ ಅಂದರು. ಇಮೇಲ್ ಮಾಡಿದೆ, ಫೋಟೋ ಕಳಿಸಿದೆ. ಉತ್ತರದಲ್ಲಿ ಸೀಟನ್ನು ಒಣ ಜಾಗದಲ್ಲಿ ಇಡಿ ಅಂತ ಬಂತು. ನನಗೆ ನಿಜಕ್ಕೂ ಸಿಟ್ಟು ಬಂದದ್ದು ಇಲ್ಲಿ. ಮಕ್ಕಳು ಹಾಲು ಚೆಲ್ಲುತ್ತಾರೆ, ವಾಂತಿ ಮಾಡುತ್ತಾರೆ, ಉಚ್ಚೆ ಹೊಯ್ಯುತ್ತಾರೆ, ಮಳೆಗಾಲ ವರ್ಷವೂ ಬರುತ್ತದೆ. ಇದು ಮಾರುವವರಿಗೆ ಗೊತ್ತಿಲ್ಲದ್ದೇನಲ್ಲ. ತೊಳೆಯಬಾರದು ಎಂದು ಪುಸ್ತಕದಲ್ಲಿ ಬರೆದ ಭಾಗವನ್ನು ಬದಲಿಸಿಕೊಳ್ಳಲು ಕೊಡುವುದೂ ಇಲ್ಲ ಅಂದರೆ ತಾಯಿ ತಂದೆ ಏನು ಮಾಡಬೇಕು? ಬಹಳ ಮನೆಗಳಲ್ಲಿ ಬ್ಲೀಚ್ ಹಾಕುತ್ತಾರೆ, ಅದೇ ಆಗುವುದು.

ಅಶೋಕ ರಸ್ತೆ ಕಡೆ ಕಾರಿನ ಸೀಟ್ ಕವರ್ ಹೊಲಿಯುವವರ ಹತ್ತಿರವೂ ವಿಚಾರಿಸಿದೆವು, ಅವರು ಒಳ್ಳೆಯ ಮನಸ್ಸಿನಿಂದ, ಅಕ್ಕಾ ಅದೇ ಅಗಲದ ಪಟ್ಟಿ ಇದೆ, ಹೊಲಿದು ಕೊಡ್ತೀನಿ ಬಿಡಿ, ಇದಕ್ಕೆಲ್ಲ ಹೊಸ ಸೀಟ್ ಯಾಕೆ ಅಂದರು. ಅವರ ಹೊಲಿಗೆ ಚೆನ್ನಾಗಿರುತ್ತದೆ, ನಮ್ಮ ಕಾರಿನ ಸೀಟ್ ಕವರ್ ಹೊಲಿದದ್ದು ಅವರೇ. ಆದರೆ ಆ ಪಟ್ಟಿ ಯಾವ ದಾರದ್ದು, ಎಷ್ಟು ಭಾರ ತಡೆಯುತ್ತದೆ, ಹೊಲಿಗೆ ಎಲ್ಲಿ ಬರಬೇಕು, ಎಷ್ಟು ಸುತ್ತು ಬರಬೇಕು ಅನ್ನುವುದನ್ನು ಡಿಕ್ಕಿ ಹೊಡೆಸಿ ಯಾರೂ ನೋಡಿರುವುದಿಲ್ಲ. ಬ್ಯಾಗಿಗೆ ಹೊಲಿಸಿಕೊಳ್ಳಿ, ಮಗುವಿನ ಸೀಟಿಗೆ ಬೇಡ.

ಕೊನೆಗೆ ಸೀಟನ್ನೇ ಬಿಡಲು ನಿರ್ಧರಿಸಿದೆವು. ಮನೆಯಲ್ಲಿ ಇದು ಸುಲಭವಾಗಿ ಒಪ್ಪಿಗೆಯಾದ ಮಾತಲ್ಲ. ಅತ್ತೆಗೆ ಸಂಕಟ. "ಅಷ್ಟು ದುಡ್ಡು ಕೊಟ್ಟು ತಂದದ್ದು, ನೋಡಾಕೆ ಏನಾಗೈತಿ ಅದಕ್ಕ? ನಮಗ ಬ್ಯಾಡಂದ್ರ ಯಾರಿಗಾದ್ರೂ ಕೊಡವ್ವ, ಪಾಪ ಅವರ ಮಗುಗಾದ್ರೂ ಆಗ್ತೈತಿ" ಅಂದರು. ವಸ್ತು ಹಾಳು ಮಾಡಬಾರದು ಎಂದು ಬದುಕಿದವರು ಅವರು, ಆ ಮಾತಿನಲ್ಲಿ ತಪ್ಪೇನಿಲ್ಲ. ನಾನು ಅವರನ್ನು ಕೂರಿಸಿಕೊಂಡು ಬೆಲ್ಟಿನ ಒಳಗಿನ ಕಪ್ಪು ತೋರಿಸಿದೆ. ಅತ್ತೆ, ನಿಮ್ಮ ಮೊಮ್ಮಗನನ್ನು ಇದರಲ್ಲಿ ಕೂರಿಸಲು ನನಗೆ ಧೈರ್ಯ ಇಲ್ಲ, ಹಾಗಿದ್ದ ಮೇಲೆ ಇನ್ನೊಬ್ಬರ ಮಗುವಿಗೆ ಹೇಗೆ ಕೊಡುವುದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹೌದು ಬಿಡು, ಅದೂ ಕೂಸೇ ಅಲ್ಲ ಅಂದರು.

ಹಾಗಾಗಿ ಎಸೆಯುವ ಮೊದಲು ಬೆಲ್ಟುಗಳನ್ನೆಲ್ಲ ಕತ್ತರಿಸಿದೆವು, ಚಿಪ್ಪಿನ ಮೇಲೆ ಮಾರ್ಕರಿನಲ್ಲಿ "ಕೆಟ್ಟಿದೆ, ಬಳಸಬೇಡಿ" ಎಂದು ದೊಡ್ಡದಾಗಿ ಬರೆದೆವು. ನೀವೂ ಹೀಗೇ ಮಾಡಿ. ಸುಮ್ನೆ ಇಡಿಯಾಗಿ ಕೊಟ್ಟರೆ ಗುಜರಿಯಿಂದ ಅದು ತೊಳೆದುಕೊಂಡು ಮತ್ತೆ ಮಾರಾಟಕ್ಕೆ ಬರುತ್ತದೆ. ಸೆಕೆಂಡ್ ಹ್ಯಾಂಡ್ ಸೀಟ್ ಕೊಳ್ಳುವವರು ಇದನ್ನೇ ತಿರುಗಿಸಿ ಯೋಚಿಸಿ. ಕವರ್ ಹೊಸದಿರಬಹುದು, ಬೆಲ್ಟನ್ನು ಪೂರ್ತಿ ಎಳೆದು ಮೂಸಿ ನೋಡಿ, ಬ್ಲೀಚಿನ ವಾಸನೆ ಅಥವಾ ಅಲ್ಲಲ್ಲಿ ಬಣ್ಣ ಬಿಟ್ಟ ಗುರುತು ಇದ್ದರೆ ಬೇಡ. ಚಿಪ್ಪಿನ ತಳದಲ್ಲಿ ತಯಾರಾದ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಸೀಟುಗಳಿಗೂ ಆಯಸ್ಸು ಇದೆ, ಸಾಮಾನ್ಯವಾಗಿ 6ರಿಂದ 10 ವರ್ಷ.

ಇನ್ನು ಕಾರಿನ ಕಡೆ. ಸೀಟು ಬದಲಿಸಿ ಕಾರನ್ನು ಹಾಗೇ ಬಿಟ್ಟರೆ ಹೊಸದಕ್ಕೂ ಅದೇ ಗತಿ. ಮಗುವಿನ ಸೀಟು ತೆಗೆದ ಮೇಲೆ ಅದರ ಅಡಿಯಲ್ಲಿ ಕಾರಿನ ಸೀಟು ಕೈಗೆ ತಣ್ಣಗೆ ತಾಗುತ್ತಿತ್ತು, ಮ್ಯಾಟ್ ಎತ್ತಿದರೆ ಕಾರ್ಪೆಟ್ ಒದ್ದೆ. ಪಿಬಿ ರಸ್ತೆಯ ನಮ್ಮ ಪರಿಚಯದ ಮೆಕ್ಯಾನಿಕ್ ನೋಡಿ ಎರಡು ಕಡೆ ತೋರಿಸಿದರು. ಒಂದು, ಹಿಂದಿನ ಬಾಗಿಲಿನ ಬೀಡಿಂಗ್ ರಬ್ಬರ್ ಕೆಳಗೆ ಹರಿದಿತ್ತು, ಮಳೆ ನೀರು ಅಲ್ಲಿಂದ ಒಳಗೆ. ಎರಡು, ಎಸಿಯ ಡ್ರೈನ್ ಪೈಪ್ ಕಟ್ಟಿಕೊಂಡಿತ್ತು. ಎಸಿ ಓಡುವಾಗ ಒಳಗೆ ತಣ್ಣಗಿನ ಕಾಯಿಲ್ ಮೇಲೆ ಗಾಳಿಯ ತೇವ ನೀರಾಗಿ ಕೂರುತ್ತದೆ, ಆ ನೀರು ಪೈಪಿನಲ್ಲಿ ಕಾರಿನ ಕೆಳಗೆ ಬೀಳಬೇಕು. ಪೈಪ್ ಕಟ್ಟಿದರೆ ಡ್ಯಾಶ್‌ಬೋರ್ಡ್ ಒಳಗಿಂದ ಕಾರ್ಪೆಟ್ಟಿಗೆ ಇಳಿಯುತ್ತದೆ, ಕಾರ್ಪೆಟ್ ಅಡಿಯ ಫೆಲ್ಟ್ ಅದನ್ನು ಹೀರಿಕೊಂಡು ವಾರಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಮೇಲೆ ಮ್ಯಾಟ್ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಪರೀಕ್ಷೆ ಸುಲಭ. ಸೆಕೆ ಇರುವ ದಿನ ಎಸಿ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಕಾರಿನ ಕೆಳಗೆ ನೋಡಿ, ತೊಟ್ಟು ತೊಟ್ಟು ನೀರು ಬಿದ್ದಿರಬೇಕು. ಒಣಗಿದ್ದರೆ ಮೆಕ್ಯಾನಿಕ್ಕಿಗೆ ತೋರಿಸಿ. ಪೈಪ್ ಊದಿ ಸರಿ ಮಾಡುವುದು ಸಣ್ಣ ಕೆಲಸ. ನಮ್ಮದರಲ್ಲಿ ಕಾರ್ಪೆಟ್ ಎತ್ತಿ, ನಾಲ್ಕೂ ಬಾಗಿಲು ತೆಗೆದು ಬಿಸಿಲಿಗೆ ನಿಲ್ಲಿಸಿ ಒಣಗಿಸಿದೆವು, ಕಾರಿನದೇ ಸೀಟ್ ಬೆಲ್ಟುಗಳನ್ನೂ ಪೂರ್ತಿ ಹೊರಗೆಳೆದು ನೋಡಿದೆವು. ಅವು ಚೆನ್ನಾಗಿದ್ದವು.

ಒದ್ದೆ ಕಾರಿನ ಮೇಲೆ ಟಾರ್ಪಾಲು, ಪ್ಲಾಸ್ಟಿಕ್ ಕವರ್ ಹಾಕುವುದನ್ನು ಬಿಟ್ಟಿದ್ದೇವೆ. ಮಲೆನಾಡಿಗೆ ಹೋದಾಗ ರಾತ್ರಿ ಸೀಟನ್ನು ಮನೆಯೊಳಗೆ ತರುತ್ತೇವೆ, ಕಾರು ನಾಲ್ಕು ದಿನ ನಿಲ್ಲುತ್ತದೆ ಎಂದು ಗೊತ್ತಿದ್ದರೆ ದಾವಣಗೆರೆಯಲ್ಲೂ ಹಾಗೇ. ಐಸೋಫಿಕ್ಸ್ ಸೀಟಾದರೆ, ಅಂದರೆ ಕಾರಿನಲ್ಲೇ ಇರುವ ಕೊಂಡಿಗೆ ನೇರ ಸಿಕ್ಕಿಸುವಂಥದ್ದಾದರೆ, ತೆಗೆದು ಹಾಕುವುದು ನಿಮಿಷದ ಕೆಲಸ. ಹಾಲು ಚೆಲ್ಲಿದರೆ ಅವತ್ತೇ ಕವರ್ ಬಿಚ್ಚುವುದು, ಮೇಲಿಂದ ಟಿಶ್ಯೂ ಒತ್ತಿದರೆ ಅರ್ಧ ಹಾಲು ಅಡಿಯಲ್ಲೇ ಉಳಿಯುತ್ತದೆ.

ತೊಳೆದು ವಾಪಸ್ ಜೋಡಿಸುವವರಿಗೆ ಮೂರು ಮಾತು. ಬೆಲ್ಟು ಎಲ್ಲೂ ತಿರುಚಿರಬಾರದು. ಮಗು ಹಿಂದಕ್ಕೆ ಮುಖ ಮಾಡಿ ಕೂರುವ ಸೀಟಾದರೆ ಭುಜದ ಬೆಲ್ಟು ಭುಜದ ಮಟ್ಟದಿಂದ ಅಥವಾ ಸ್ವಲ್ಪ ಕೆಳಗಿಂದ ಬರಬೇಕು, ಮುಂದಕ್ಕೆ ಮುಖ ಇದ್ದರೆ ಭುಜದ ಮಟ್ಟದಿಂದ ಅಥವಾ ಸ್ವಲ್ಪ ಮೇಲಿಂದ. ಕಟ್ಟಿದ ಮೇಲೆ ಭುಜದ ಹತ್ತಿರ ಬೆಲ್ಟನ್ನು ಉದ್ದಕ್ಕೆ ಚಿವುಟಿ ನೋಡಿ, ಬೆರಳಿಗೆ ಮಡಿಕೆ ಸಿಕ್ಕರೆ ಸಡಿಲ ಇದೆ ಅಂತ ಅರ್ಥ, ಇನ್ನೂ ಬಿಗಿ ಮಾಡಿ.

ಹೊಸ ಸೀಟ್ ಬರುವವರೆಗೆ ಏನು ಮಾಡಿದಿರಿ ಎಂದು ಅಕ್ಕ ಕೇಳಿದಳು. ಕಾರಿನಲ್ಲಿ ಮಗನನ್ನು ಹೈವೇಗೆ ಕರೆದೊಯ್ಯಲಿಲ್ಲ. ಹರಿಹರಕ್ಕೆ ಒಂದು ನಾಮಕರಣಕ್ಕೆ ಹೋಗಬೇಕಿತ್ತು, ರೈಲಿನಲ್ಲಿ ಹೋದೆವು. ಸ್ವಲ್ಪ ದೂರ ತಾನೇ, ಮಡಿಲಲ್ಲಿ ಕೂರಿಸಿಕೋ ಅಂದವರಿದ್ದರು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 194ಬಿ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟು ಅಥವಾ ಮಕ್ಕಳ ಸೀಟು ಇಲ್ಲದೆ ಕಾರು ಓಡಿಸಿದರೆ 1000 ರೂಪಾಯಿ ದಂಡ ಇದೆ. ದಂಡ ಹಾಗಿರಲಿ, ಎರಡೂವರೆ ಕ್ವಿಂಟಲ್ ಲೆಕ್ಕ ಒಮ್ಮೆ ಗೊತ್ತಾದ ಮೇಲೆ ಮಡಿಲಲ್ಲಿ ಕೂರಿಸಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

ಹೊಸದನ್ನು ಆರಿಸುವಾಗ ಅಂಗಡಿಯವರು ಬಣ್ಣ, ಕಪ್ ಹೋಲ್ಡರ್, ಎಷ್ಟು ಡಿಗ್ರಿ ಒರಗುತ್ತದೆ ಎಲ್ಲ ತೋರಿಸಿದರು. ನಾನು ಕೇಳಿದ್ದು ಬೇರೆ. ಇಸಿಇ ಆರ್44 ಅಥವಾ ಅದರ ನಂತರದ ಹೊಸ ನಿಯಮ ಆರ್129ರ ಚೀಟಿ ಎಲ್ಲಿದೆ, ತಯಾರಾದ ತಿಂಗಳು ಯಾವುದು, ಕವರ್ ಬಿಚ್ಚಿ ತೊಳೆಯಬಹುದಾ, ಬೆಲ್ಟು ಹಾಳಾದರೆ ಕಂಪನಿಯಿಂದ ಬೇರೆ ಸಿಗುತ್ತದಾ. ಕೊನೆಯ ಪ್ರಶ್ನೆಗೆ ಅಂಗಡಿಯಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಹಾಗಾಗಿ ಮನೆಗೆ ಬಂದು ಕಂಪನಿಗಳಿಗೇ ಇಮೇಲ್ ಮಾಡಿದೆ. ಬೆಲ್ಟಿನ ಸೆಟ್ ಬೇರೆ ಸಿಗುತ್ತದೆ, ಬದಲಿಸುವ ವಿಧಾನ ಪುಸ್ತಕದಲ್ಲಿದೆ ಎಂದು ಬರಹದಲ್ಲಿ ಉತ್ತರ ಕೊಟ್ಟವರ ಸೀಟನ್ನೇ ಕೊಂಡೆವು. ಬೆಲೆ ಸ್ವಲ್ಪ ಜಾಸ್ತಿ ಆಯಿತು. ಆ ಇಮೇಲನ್ನು ಪ್ರಿಂಟ್ ತೆಗೆದು ಬಿಲ್ಲಿನ ಜೊತೆ ಪುಸ್ತಕದೊಳಗೆ ಇಟ್ಟಿದ್ದೇನೆ, ಪುಸ್ತಕ ಕಾರಿನ ಡ್ಯಾಶ್‌ಬೋರ್ಡಿನಲ್ಲಿದೆ.